ಒಂದು ಗೇಣಿನ ಹೊತ್ತು

‘ಬಾ’ ಎಂದು ಕರೆಯಲು ಬಾಯಿಗೆ ಎಷ್ಟು ಹೊತ್ತು ಬೇಕು? ನಮ್ಮ ಯಂತ್ರಗಳ ಪ್ರಕಾರ ಸೆಕೆಂಡಿನ ಕಾಲು ಭಾಗ. ಅಷ್ಟರೊಳಗೆ ಉಸಿರು, ಗಂಟಲು, ತುಟಿ, ದವಡೆ ಎಲ್ಲವೂ ಸರದಿ ತಪ್ಪದೆ ತಮ್ಮ ತಮ್ಮ ಕೆಲಸ ಮಾಡಬೇಕು. ತುಟಿ ತೆರೆಯುವುದಕ್ಕೂ ಗಂಟಲು ನಡುಗುವುದಕ್ಕೂ ನಡುವೆ ಸೆಕೆಂಡಿನ ನೂರರಲ್ಲಿ ಕೆಲವೇ ಭಾಗ ಆಚೀಚೆಯಾದರೆ ‘ಬಾ’ ಹೋಗಿ ‘ಪಾ’ ಆಗುತ್ತದೆ. ಇನ್ನೂ ಹೆಚ್ಚು ತಪ್ಪಿದರೆ ಅದು ಮಾತೇ ಅಲ್ಲ, ಬರೀ ಸದ್ದು. ನಾವು ದಿನಕ್ಕೆ ಸಾವಿರಾರು ಸಲ ಈ ಕಸರತ್ತು ಮಾಡುತ್ತೇವೆ, ಅದೂ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು.

ನಾನು ಪದ್ಮಾವತಿ ಕರಜಗಿ. ಧಾರವಾಡದ ಒಂದು ವಾಕ್ ಸಂಶೋಧನಾ ಕೇಂದ್ರದಲ್ಲಿ ಮೂವತ್ತು ವರ್ಷ ಈ ಆಚೀಚೆಯನ್ನೇ ಅಳೆದವಳು. ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದರೂ ಗೊತ್ತಾಗದ ನನಗೆ, ಎದುರಿಗಿದ್ದವರ ನಾಲಿಗೆ ಒಂದು ಕೂದಲೆಳೆ ತಡವಾದರೆ ಗೊತ್ತಾಗುತ್ತಿತ್ತು. ಅದನ್ನೇ ದೊಡ್ಡ ವಿದ್ಯೆ ಎಂದುಕೊಂಡಿದ್ದೆ. ಮಾಗುಂಡಪ್ಪ ಬರುವವರೆಗೆ ಆ ಅಹಂಕಾರಕ್ಕೆ ಪೆಟ್ಟು ಬಿದ್ದಿರಲಿಲ್ಲ. ಅವರು ಈಗಿಲ್ಲ. ಇದ್ದಾಗ ಈ ಕಥೆ ಬರೆಯುವ ಧೈರ್ಯ ನನಗಾಗುತ್ತಿರಲಿಲ್ಲ.

ಮಾಗುಂಡಪ್ಪ ಗುಳೇದಗುಡ್ಡದ ನೇಕಾರರು. ಹನ್ನೆರಡನೇ ವಯಸ್ಸಿನಿಂದ ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಕುಪ್ಪಸದ ಖಣ ನೇಯ್ದವರು. ಅರವತ್ತಾರನೇ ವಯಸ್ಸಿಗೆ ಅವರ ಕಿರುಮೆದುಳಿನ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತು. ಕಿರುಮೆದುಳು ತಲೆಯ ಹಿಂಭಾಗದಲ್ಲಿರುತ್ತದೆ, ದೇಹದ ಯಾವ ಕೆಲಸ ಯಾವ ಕ್ಷಣಕ್ಕೆ ಆಗಬೇಕೆಂದು ನೋಡಿಕೊಳ್ಳುತ್ತದೆ. ಅವರ ಬುದ್ಧಿ ಸರಿಯಿತ್ತು, ಮಾತು ಮನಸ್ಸಿನಲ್ಲಿ ತುಂಬಿತ್ತು, ಗಂಟಲಿನಲ್ಲಿ ಬಲವೂ ಇತ್ತು. ‘ಈಗ ನೀನು, ಆಮೇಲೆ ನೀನು’ ಎನ್ನುವವನು ಮಾತ್ರ ಎದ್ದು ಹೋಗಿದ್ದ. ನೀರು ಕೇಳಲು ಬಾಯಿ ತೆರೆದರೆ ಮದುವೆ ಪಂಕ್ತಿಯಲ್ಲಿ ಬಡಿಸುವವರೆಲ್ಲ ಒಮ್ಮೆಲೇ ನುಗ್ಗಿ, ಅನ್ನಕ್ಕಿಂತ ಮೊದಲು ಮಜ್ಜಿಗೆ ಬಿದ್ದ ಹಾಗೆ ಆಗುತ್ತಿತ್ತು. ಕೈಗಳಿಗೂ ಅದೇ ಗತಿ. ಲೋಟ ಹಿಡಿಯಲು ಹೋದರೆ ಕೈ ಅದರಾಚೆ ಹೋಗಿ ಗೋಡೆ ಮುಟ್ಟುತ್ತಿತ್ತು.

ಅವರನ್ನು ನಮ್ಮಲ್ಲಿಗೆ ಕರೆತಂದವರು ತಂಗಿ ನೀಲವ್ವ. ಗಂಡ ತೀರಿದ ಮೇಲೆ ಅಣ್ಣನ ಮನೆಯಲ್ಲೇ ಇದ್ದವರು. ಏಳು ತಿಂಗಳಿಂದ ಅಣ್ಣನಿಗೆ ಉಣಿಸುವುದು, ಮೀಯಿಸುವುದು ಎಲ್ಲವೂ ಅವರದೇ ಕೆಲಸ.

“ಡಾಕ್ಟರಬಾಯಾರ, ಈತ ಏನೋ ಹೇಳಬೇಕಂತಾನ್ರಿ,” ಎಂದರು ನೀಲವ್ವ ಮೊದಲ ದಿನವೇ. “ಮುಂಜಾನೆ ಎದ್ದ ಕೂಡ್ಲೆ ಸುರು ಮಾಡತಾನ. ‘ಕ, ಕ’ ಅಂತಾನ. ಮಗಳ ಹೆಸರು ಕಸ್ತೂರಿ. ಆಕಿನ್ನ ಕರೀಲಾ ಅಂದ್ರ ಗೋಣ ಹಾಕ್ತಾನ. ಆಕಿ ಬಂದ್ರ ಬಾಯಿ ತಗದ, ಹೇಳಾಕ ಬರದ, ಕಣ್ಣೀರ ಹಾಕತಾನ. ನಾಕ ವರ್ಷಾತ್ರಿ, ಅಪ್ಪ ಮಗಳ ನಡುವ ಮಾತಿಲ್ಲ. ಈಗ ಮಾತಾಡ್ತೀನಂದ್ರ ಮಾತ ಹೋತು.”

ಮೆದುಳಿನ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ಇಂಥದೇ ಇನ್ನೊಂದು ಪೆಟ್ಟು ಯಾವಾಗ ಬೇಕಾದರೂ ಬೀಳಬಹುದು, ಈ ವರ್ಷ ಕಳೆದರೆ ದೊಡ್ಡದು ಎಂದಿದ್ದರು. ಅಂದರೆ ಹೇಳುವುದಿದ್ದರೆ ಬೇಗ ಹೇಳಬೇಕಿತ್ತು.

ನಮ್ಮ ಯಂತ್ರ ಆಗಷ್ಟೇ ಸಿದ್ಧವಾಗಿತ್ತು. ಮಾತಿನ ವೇಳೆ ತಪ್ಪಿದವರಿಗೆ ಹೊರಗಿನಿಂದ ವೇಳೆ ಕೊಟ್ಟರೆ ಹೇಗೆ ಎಂಬ ಒಂದೇ ಪ್ರಶ್ನೆಯಿಂದ ಹುಟ್ಟಿದ್ದು. ಕೊರಳಿಗೆ ಕಟ್ಟುವ ಒಂದು ಪಟ್ಟಿ, ಕಿವಿಯ ಹಿಂದೆ ಅಂಟಿಸುವ ಎರಡು ಬಿಲ್ಲೆ. ರೋಗಿ ಏನು ಹೇಳಹೊರಟಿದ್ದಾರೆ ಎಂಬುದನ್ನು ಬಿಲ್ಲೆಗಳು ಮೆದುಳಿನ ಅಲೆಗಳಿಂದ ಗ್ರಹಿಸುತ್ತವೆ. ತುಟಿ, ನಾಲಿಗೆ, ಗಂಟಲುಗಳಿಗೆ ಪಟ್ಟಿ ಒಂದೊಂದಾಗಿ ಸಣ್ಣ ಮಿಡಿತ ಕಳಿಸಿ, ‘ಈಗ’ ಎಂದು ತಟ್ಟುತ್ತದೆ. ನಾವು ಅದಕ್ಕೆ ಗಳಿಗೆಪಟ್ಟಿ ಎಂದು ಹೆಸರಿಟ್ಟಿದ್ದೆವು. ನೀಲವ್ವ ನೋಡಿದವರೇ, “ಎತ್ತಿನ ಕೊಳ್ಳಪಟ್ಟಿ ಇದ್ದಂಗ ಐತಲ್ರಿ, ಒಂದ ಗಂಟಿ ಕಟ್ರಿ,” ಎಂದರು. ಮಾಗುಂಡಪ್ಪನವರ ಕಣ್ಣು ನಕ್ಕವು.

ಆದರೆ ಯಾರ ವೇಳೆ ಕೊಡುವುದು? ಮೊದಮೊದಲು ನಾವು ಇನ್ನೂರು ಜನರ ಮಾತನ್ನು ಅಳೆದು ಅದರ ಸರಾಸರಿ ಕೊಟ್ಟೆವು. ಮಾತು ಸ್ಪಷ್ಟವಾಗಿ ಬಂತು, ಮನೆಯವರು ಹೆದರಿದರು. ಒಬ್ಬ ಹೆಂಗಸು, “ಇವರು ನಮ್ಮ ಯಜಮಾನರಲ್ಲ, ಟಪಾಲು ಓದಿ ಹೇಳುವವರ ಹಾಗಿದ್ದಾರೆ,” ಎಂದು ಅತ್ತೇಬಿಟ್ಟಳು. ದನಿ ಅವರದೇ, ಮಾತು ಅವರದೇ, ಆದರೆ ಎಲ್ಲಿ ನಿಲ್ಲುತ್ತಿದ್ದರು, ಎಲ್ಲಿ ಅವಸರ ಮಾಡುತ್ತಿದ್ದರು, ಯಾವ ಅಕ್ಷರ ಎಳೆಯುತ್ತಿದ್ದರು ಎಂಬುದೆಲ್ಲ ಇನ್ಯಾರದೋ. ಆಗ ನಾನೇ ಹಟ ಹಿಡಿದೆ. ಪ್ರತಿಯೊಬ್ಬರಿಗೂ ಅವರದೇ ವೇಳೆ ಕೊಡಬೇಕು. ಹಳೆಯ ಧ್ವನಿಮುದ್ರಣ ಎಂಟು ನಿಮಿಷದಷ್ಟು ಇದ್ದರೆ ಸಾಕು, ಯಂತ್ರ ಆ ಮನುಷ್ಯನ ಓಟ, ನಿಲುಗಡೆ ಎಲ್ಲ ಕಲಿತುಬಿಡುತ್ತದೆ. ಸಭೆಗಳಲ್ಲಿ ಈ ವಿಷಯ ಹೇಳುವಾಗ ನನ್ನ ದನಿ ತುಸು ಏರುತ್ತಿತ್ತೆಂದು ಸಹೋದ್ಯೋಗಿಗಳು ಹಾಸ್ಯ ಮಾಡುತ್ತಿದ್ದರು.

ಮಾಗುಂಡಪ್ಪನವರ ಧ್ವನಿಮುದ್ರಣ ಯಾರ ಹತ್ತಿರವೂ ಇರಲಿಲ್ಲ. ಅವರು ಫೋನಿನಲ್ಲಿ ಮಾತಾಡಿದವರೇ ಅಲ್ಲ. ಯಾರದೋ ಮದುವೆಯ ವಿಡಿಯೊ ಕ್ಯಾಸೆಟ್ಟಿನಲ್ಲಿ ಅವರು ತಲೆ ಅಲ್ಲಾಡಿಸಿದ್ದಷ್ಟೇ ಇತ್ತು. ಕೊನೆಗೆ ಒಂದು ಮಧ್ಯಾಹ್ನ ಖಾಕಿ ಸಮವಸ್ತ್ರದಲ್ಲೇ ಮಗಳು ಬಂದಳು. ಕಸ್ತೂರಿ ಬಾಗಲಕೋಟೆಯಲ್ಲಿ ಬಸ್ ಕಂಡಕ್ಟರ್. ಮೂವತ್ತರ ಆಸುಪಾಸು, ಚುರುಕು ಕಣ್ಣು.

“ಹನ್ನೊಂದ ನಿಮಿಷ ಐತ್ರಿ,” ಎಂದು ಫೋನನ್ನು ಮೇಜಿನ ಮೇಲಿಟ್ಟಳು. “ನೀವು ಕೇಳಬ್ಯಾಡ್ರಿ. ಜಗಳದ್ದು.”

“ಜಗಳಾನ ರಿಕಾರ್ಡ ಮಾಡಿದ್ರೇನು?”

“ಕಂಡಕ್ಟರ್ ಚಟಾರಿ. ಪ್ಯಾಸೆಂಜರ್ ದನಿ ಏರಿಸಿದ ಕೂಡ್ಲೆ ಕೈ ಫೋನಿಗೆ ಹೋಕ್ಕತಿ. ನಾಳೆ ಕಂಪ್ಲೇಂಟ್ ಆದ್ರ ಪುರಾವೆ ಬೇಕಲ್ಲ. ಅವತ್ತ ಮನ್ಯಾಗೂ ಹಂಗ ಹೋತು.” ಫೋನನ್ನು ನನ್ನ ಕಡೆ ಸರಿಸಿ ಹೇಳಿದಳು: “ಅಳಿಸಬೇಕಂತ ಎಷ್ಟೋ ಸಲ ಮಾಡೇನ್ರಿ. ಆಗಿಲ್ಲ.”

ನಾನು ದೊಡ್ಡ ಮನಸ್ಸಿನವಳ ಹಾಗೆ ಅವಳಿಗೆ ಧೈರ್ಯ ಹೇಳಿದೆ. ಯಂತ್ರ ಮಾತನ್ನು ತೆಗೆದುಕೊಳ್ಳುವುದಿಲ್ಲ, ಅರ್ಥವನ್ನು ತೆಗೆದುಕೊಳ್ಳುವುದಿಲ್ಲ, ಬರೀ ವೇಳೆ ತೆಗೆದುಕೊಳ್ಳುತ್ತದೆ, ಸಿಟ್ಟೆಲ್ಲ ಸೋಸಿ ಹೋಗುತ್ತದೆ ಎಂದೆ. ಧ್ವನಿಮುದ್ರಣದ ಹಿಂದೆ ಒಂದೇ ಸಮನೆ ಬಡಿಯುವ ಗದ್ದಲವಿದ್ದುದು ಅಲೆಗಳಲ್ಲಿ ಕಾಣುತ್ತಿತ್ತು. ಅದನ್ನೂ ನನ್ನ ಕೈಯಾರೆ ಸೋಸಿ ತೆಗೆದೆ. ಕೊಟ್ಟ ಮಾತಿನಂತೆ ನಾನು ಅದನ್ನು ಕೇಳಲಿಲ್ಲ, ಅಲೆಗಳನ್ನು ಮಾತ್ರ ನೋಡಿದೆ.

ಮೂರು ವಾರದ ತಾಲೀಮಿನ ನಂತರ ಮಾಗುಂಡಪ್ಪ ಮೊದಲ ಪೂರ್ತಿ ವಾಕ್ಯ ಹೇಳಿದರು. ತಂಗಿಯ ಕಡೆ ತಿರುಗಿ, “ನೀಲಾ ಚಾ ಕುಡದೇನು,” ಎಂದರು. ಮಾತು ಸ್ವಚ್ಛವಾಗಿತ್ತು. ಆದರೆ ಅದು ಬಂದು ಬಿದ್ದ ರೀತಿಗೆ ನೀಲವ್ವ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. “ನೋಡ್ರಿ ಬಾಯಾರ, ಎಂಟ ತಿಂಗಳಿಗೆ ಬಾಯಿ ಬಂದ್ರ ಮೊದಲ ನನ್ನ ಬೈಯ್ಯಾಕತ್ತಾನ!” ನಾವೆಲ್ಲ ನಕ್ಕೆವು, ಪೇಡೆ ಹಂಚಿದೆವು. ಆವತ್ತು ಎಚ್ಚರವಾಗಬೇಕಿದ್ದವಳು ನಾನು. ಆಗಲಿಲ್ಲ.

ಅಂದೇ ಊಟದ ಹೊತ್ತಿಗೆ ನೀಲವ್ವ ಕೇಂದ್ರದ ಹಿಂದಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ನನಗೊಂದು ರೊಟ್ಟಿ ಕೊಟ್ಟು, ಆ ಜಗಳದ ಹಿನ್ನೆಲೆ ಹೇಳಿದರು.

ಮಗ್ಗ ನಡೆಯುವ ಮನೆಯಲ್ಲಿ ಸುಮ್ಮನೆ ಕರೆದರೆ ನೇಯುವವನಿಗೆ ಕೇಳುವುದಿಲ್ಲ. ಬಾಚಣಿಗೆಯಂಥ ಹಣಿಗೆ ನೂಲಿಗೆ ಬಡಿಯುತ್ತದೆ, ಮರುಕ್ಷಣ ಅಡ್ಡನೂಲು ಹೊತ್ತ ಲಾಳಿ ಓಡುತ್ತದೆ, ಮತ್ತೆ ಬಡಿಯುತ್ತದೆ. ಎರಡು ಪೆಟ್ಟಿನ ನಡುವೆ ಒಂದಿಷ್ಟು ತೆರಪಿರುತ್ತದೆ. ಮಾತನ್ನು ಅಲ್ಲಿ ಇಡಬೇಕು. “ನಮ್ಮ ಮನ್ಯಾಗ ಕೂಸು ಮಾತ ಕಲಿಯೂದ ಹಂಗ್ರಿ. ಪೆಟ್ಟ ಬಿತ್ತು, ಅಪ್ಪಾ. ಪೆಟ್ಟ ಬಿತ್ತು, ಹಸಿವಿ. ನಮ್ಮ ವೈನಿ ದಾನವ್ವ ಅಂತೂ ಮೂವತ್ತೆರಡ ವರ್ಷ ಅಡಗಿಮನ್ಯಾಗಿಂದ ಕರದ್ಲು, ಒಮ್ಮೆನೂ ಪೆಟ್ಟಿನ ಮ್ಯಾಲೆ ಕರದಾಕಿ ಅಲ್ಲ.”

ನಾಲ್ಕು ವರ್ಷದ ಹಿಂದೆ ಒಂದು ದಿನ ಮಾಗುಂಡಪ್ಪನವರ ಹೆಂಡತಿ ದಾನವ್ವನಿಗೆ ಎದೆ ನೋವು ಬಂತು. ಅಡುಗೆಮನೆಯಿಂದ ಗಂಡನನ್ನು ಕರೆದಳು. ಅವರು ಏಳಲಿಲ್ಲ. ನೇಯ್ಗೆ ಮುಗಿಸಿ ಒಳಗೆ ಬಂದಾಗ ಅವಳು ಗೋಡೆಗೊರಗಿ ಬೆವರಿನಲ್ಲಿ ತೊಯ್ದು ಕೂತಿದ್ದಳು. ಆಸ್ಪತ್ರೆಯಲ್ಲಿ ವೈದ್ಯರು, ಇನ್ನೊಂದು ಅರ್ಧ ತಾಸು ಮೊದಲು ತಂದಿದ್ದರೆ ಎಂದು, ವೈದ್ಯರೆಲ್ಲ ಅನ್ನುವ ಹಾಗೆ ಅಂದು ಹೋದರು. ದಾನವ್ವ ಮಗಳ ಕೈ ಹಿಡಿದು, “ಪಾಪ, ಮಗ್ಗದ ಸಪ್ಪಳ, ಅವರಿಗೆ ಕೇಳ್ಸಿಲ್ಲವ್ವಾ,” ಎಂದಳಂತೆ. ಅದೇ ಕೊನೆಯ ಮಾತು.

ಕಸ್ತೂರಿ ಅದನ್ನು ನಂಬಲಿಲ್ಲ. ಅವ್ವ ತೆರಪು ನೋಡದೆ ಕರೆಯುವವಳಲ್ಲ. ತಿಂಗಳ ಕಾರ್ಯ ಮುಗಿದ ಮರುದಿನ ಅಪ್ಪ ಮತ್ತೆ ಮಗ್ಗಕ್ಕೆ ಕೂತಿದ್ದನ್ನು ನೋಡಿ ಕೇಳಿಯೇಬಿಟ್ಟಳು. ಅವರು ಕೂಗಾಡಿದರು. ಕೇಳಿಸಲಿಲ್ಲ ಎಂದು ಹನ್ನೊಂದು ನಿಮಿಷ ಕೂಗಾಡಿದರು. ಅವಳು ಬಾಗಲಕೋಟೆಯಲ್ಲಿ ಬಾಡಿಗೆ ಖೋಲಿ ಹಿಡಿದಳು.

“ಅಂವಗ ಏನ ಹೇಳೂದೈತೋ ಶಿವನ ಬಲ್ಲ,” ಎಂದರು ನೀಲವ್ವ, ಎಲೆಯ ಮೇಲೆ ಉಳಿದ ಪಲ್ಯ ಒರೆಸುತ್ತ. “ಹೇಳದ ಮಾತ್ರ ಅಂವ ಸಾಯೂದಿಲ್ರಿ.”

ಮುಂದಿನ ವಾರ ಕಸ್ತೂರಿ ಬಂದಳು. ಮಾಗುಂಡಪ್ಪ ಕ್ಷೌರ ಮಾಡಿಸಿಕೊಂಡು, ಬಿಳಿ ಅಂಗಿ ಹಾಕಿಕೊಂಡು ಕಾದಿದ್ದರು. ಮಗಳು ಎದುರಿನ ಕುರ್ಚಿಯಲ್ಲಿ ಕೂತಳು. ನಾನು ಗಾಜಿನ ಆಚೆ ಪರದೆಯ ಮುಂದಿದ್ದೆ. ಪಟ್ಟಿಯ ದೀಪ ಹಸಿರಾಯಿತು.

“ಕಸ್ತೂರಿ. ನಿನಗೊಂದ ಮಾತ ಹೇಳಬೇಕು. ನಿಮ್ಮವ್ವ ಕರದಾಗ—”

ನನ್ನ ಪರದೆಯ ಮೇಲೆ ಎಲ್ಲ ಸರಿಯಿತ್ತು. ಅಕ್ಷರಗಳು ಸ್ಪಷ್ಟ, ತಪ್ಪು ಸೊನ್ನೆ. ಗಾಜಿನಾಚೆ ಆ ಮಾತುಗಳು ಒಂದರ ಬೆನ್ನಿಗೊಂದು ಕಲ್ಲು ಎಸೆದ ಹಾಗೆ ಅವಳ ಮೇಲೆ ಬಿದ್ದವು. ಹೆಸರನ್ನು ಕಡಿದ ರೀತಿ, ಉಸಿರು ಬಿಡದ ಅವಸರ, ‘ನಿಮ್ಮವ್ವ’ ಎನ್ನುವಾಗಿನ ಒತ್ತು. ಅವರ ಕಣ್ಣಲ್ಲಿ ನೀರಿತ್ತು. ಬಾಯಿ ಮಾತ್ರ ನಾಲ್ಕು ವರ್ಷದ ಹಿಂದಿನ ಜಗಳ ಆಡುತ್ತಿತ್ತು.

ಕಸ್ತೂರಿ ಎದ್ದು ನಿಂತಳು. “ಅದ ಮಾತು, ಅದ ಧಾಟಿ,” ಎಂದಳು. “ಇದನ್ನ ಹೇಳಾಕ ಇಷ್ಟ ಒದ್ದಾಡಿದೇನಪ್ಪಾ? ಇದು ನನ್ನ ಫೋನ್ಯಾಗ ಐತಿ. ಮತ್ತ ಕೇಳೂ ಶಕ್ತಿ ನನಗಿಲ್ಲ.”

“ಹಂಗಲ್ಲ ಕಸ್ತೂರಿ ನಿಂದರ,” ಎಂದರು ಅವರು. ಅದೂ ಗದರಿಕೆಯಾಗಿಯೇ ಬಂತು. ಬಾಗಿಲು ಮುಚ್ಚಿತು. ಮಾಗುಂಡಪ್ಪ ನಡುಗುವ ಎರಡೂ ಕೈಗಳನ್ನು ಕೊರಳಿಗೆ ಒಯ್ದರು. ಒಂದು ಕೈ ಕಿವಿಗೆ ಬಡಿಯಿತು, ಇನ್ನೊಂದು ಗದ್ದಕ್ಕೆ. ನಾನು ಓಡಿಹೋಗಿ ಪಟ್ಟಿ ಬಿಚ್ಚುವಷ್ಟರಲ್ಲಿ ಕತ್ತಿನ ಮೇಲೆ ಉಗುರಿನ ಗೀರು ಮೂಡಿದ್ದವು. ಆಮೇಲೆ ಅವರು ಅದನ್ನು ಕಟ್ಟಗೊಡಲಿಲ್ಲ.

ನಾನು ಎರಡು ದಿನ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಕೂತೆ. ಸಿಟ್ಟನ್ನು ಸೋಸಿದ್ದೇನೆ ಎಂದವಳು ನಾನು. ಸಿಟ್ಟು ಮಾತಿನ ಅರ್ಥದಲ್ಲಿರುತ್ತದೆ, ದನಿಯ ಎತ್ತರದಲ್ಲಿರುತ್ತದೆ ಎಂದು ಭಾವಿಸಿ ಅವೆರಡನ್ನೂ ತೆಗೆದಿದ್ದೆ. ಅದು ವೇಳೆಯಲ್ಲೇ ಇತ್ತು. ಪ್ರೀತಿಯ ವೇಳೆ ಬೇರೆ, ಊಟಕ್ಕೆ ಕರೆಯುವ ವೇಳೆ ಬೇರೆ, ತಪ್ಪೊಪ್ಪುವ ವೇಳೆ ಬೇರೆ. ಇದು ನನ್ನ ಅವ್ವನಿಗೆ ಗೊತ್ತಿತ್ತು, ನೀಲವ್ವನಿಗೆ ಗೊತ್ತಿತ್ತು, ಮೂವತ್ತು ವರ್ಷ ಅಳೆದ ನನಗೆ ಗೊತ್ತಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮೂರನೆಯ ದಿನ ಮುಂಜಾನೆ ಕಸ್ತೂರಿಗೆ ಫೋನು ಮಾಡಿ, ಆ ಜಗಳದ ಧ್ವನಿಮುದ್ರಣವನ್ನು ಕೇಳಲು ಅಪ್ಪಣೆ ಬೇಡಿದೆ. “ಏನರೆ ಮಾಡ್ಕೊಳ್ರಿ,” ಎಂದಳು. ಸೋಸುವ ಮೊದಲಿನ ಮೂಲ ಧ್ವನಿಯನ್ನು ಹಾಕಿದೆ. ಜಗಳ ಶುರುವಾಯಿತು. ಅದರ ಹಿಂದೆ ‘ಟಪ್, ಟಪ್’ ಎಂಬ ಸದ್ದು. ನಾನು ಗದ್ದಲವೆಂದು ತೆಗೆದುಹಾಕಿದ್ದು ಮಗ್ಗವನ್ನು. ಆ ಮನುಷ್ಯ ಹನ್ನೊಂದು ನಿಮಿಷವೂ ನೇಯುತ್ತಲೇ ಕೂಗಾಡಿದ್ದರು. ಪರದೆಯ ಮೇಲೆ ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಪ್ರತಿ ಪೆಟ್ಟು ಬಿದ್ದ ಮೇಲೆ, ಪ್ರತಿ ಸಲವೂ ಅಷ್ಟೇ ಅಂತರದಲ್ಲಿ, ಅವರ ಮಾತು ಎದ್ದಿತ್ತು. ಅವರು ಸಿಟ್ಟಿನಲ್ಲಿ ಮಗ್ಗವನ್ನು ಜೋರಾಗಿ ನಡೆಸಿದ್ದರು, ಮಾತೂ ಜೋರಾಗಿತ್ತು. ಸುಮ್ಮನಾದಾಗ ಮಗ್ಗವೂ ನಿಧಾನ.

ಐವತ್ತು ವರ್ಷ ಕಿವಿಗೆ ಬಿದ್ದ ಪೆಟ್ಟು ಅದು. ಕಿರುಮೆದುಳು ಕೈಬಿಟ್ಟರೂ ಕಿವಿಯಿಂದ ಬಾಯಿಗೆ ಇನ್ನೊಂದು ದಾರಿ ಇರುತ್ತದೆ. ತೊದಲುವವರು ಹಾಡುವಾಗ ತೊದಲದಿರುವುದು ಆ ದಾರಿಯಿಂದಲೇ. ಅವರಿಗೆ ಬೇಕಿದ್ದುದು ಕೊರಳಪಟ್ಟಿಯಲ್ಲ. ಯಾರಾದರೂ ಅವರ ಮಗ್ಗ ನಡೆಸಬೇಕಿತ್ತು, ಅದೂ ಸಾವಕಾಶವಾಗಿ.

ನಾನು ಬಾಗಲಕೋಟೆಗೆ ಹೋಗಿ ಕಸ್ತೂರಿಯ ಬಸ್ಸನ್ನೇ ಹತ್ತಿದೆ. ಅವಳು ಟಿಕೆಟ್ ಹರಿದುಕೊಟ್ಟು, “ನೀವ ಇಲ್ಲಿಗೂ ಬಂದ್ರ್ಯಾ,” ಎಂದಳು. ಜನ ಇಳಿದು ಸೀಟು ಖಾಲಿಯಾದ ಮೇಲೆ ಪಕ್ಕಕ್ಕೆ ಬಂದು ಕೂತಳು. ನನ್ನ ತಪ್ಪನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಸಿಟ್ಟು ಅಪ್ಪನದಲ್ಲ, ನಾನು ಕಟ್ಟಿದ್ದು ಎಂದೆ. ಮಗ್ಗದ ವಿಷಯ ಹೇಳಿದೆ.

“ನೇಯೂದು ನಿಮಗ ಬರತದ ಅಂತ ನೀಲವ್ವ ಹೇಳ್ಯಾರ,” ಎಂದೆ.

“ಹದಿನೇಳರ ತನಕ ನೇಯ್ದೇನ್ರಿ. ಆದ್ರ ಆ ಮಗ್ಗದಾಗ ನಾ ಕಾಲ ಇಡೂದಿಲ್ಲ. ನಮ್ಮವ್ವನ್ನ ತಿಂದಿದ್ದದು.”

“ನೀವು ಬ್ಯಾಡಂದ್ರ ಬ್ಯಾರೆ ನೇಕಾರನ್ನ ಕೂಡಸ್ತೇನಿ. ಆದ್ರ ಅವರು ಹೇಳಬೇಕಂತಿರೂದು ನಿಮಗ. ಇನ್ನೊಬ್ಬರ ಮುಂದ ಹೇಳಸೂದು ಛಲೋ ಅನಸೂದಿಲ್ಲ.”

ಅವಳು ಸೀಟಿ ಊದಿ ಬಸ್ಸು ನಿಲ್ಲಿಸಿದಳು, ಇಬ್ಬರು ಮುದುಕಿಯರನ್ನು ಇಳಿಸಿದಳು, ಮತ್ತೆ ಊದಿದಳು. ಗುಳೇದಗುಡ್ಡದ ಬೆಟ್ಟ ಕಂಡಿತು. ನಾನು ಇಳಿಯುವಾಗ, “ಬರೂ ಬುಧವಾರ ನನಗ ವಾರದ ಸೂಟಿ,” ಎಂದಳು.

ಬುಧವಾರ ಹನ್ನೊಂದು ಗಂಟೆಗೆ ನಾನು ಹೋದಾಗ ನೀಲವ್ವ ಮಗ್ಗದ ಖೋಲಿ ಸಾರಿಸಿದ್ದರು. ಬೆಳಕಿಂಡಿಯಿಂದ ಬಿಸಿಲು ನೇರವಾಗಿ ಉದ್ದಕ್ಕೆ ಬಿಗಿದ ನೂಲಿನ ಹಾಸಿನ ಮೇಲೆ ಬಿದ್ದಿತ್ತು. ಮಾಗುಂಡಪ್ಪನವರ ಮೆದುಳಿಗೆ ಪೆಟ್ಟು ಬಿದ್ದ ದಿನ ಬಿಟ್ಟ ಖಣ ಹಾಗೆಯೇ ಇತ್ತು, ಅರ್ಧ ನೇಯ್ದದ್ದು, ಕಡುಗೆಂಪು. ಮಾಗುಂಡಪ್ಪನವರನ್ನು ಮಗ್ಗದ ಬದಿಗೆ, ಕುಣಿಯ ಅಂಚಿನಲ್ಲಿ ದಿಂಬು ಕೊಟ್ಟು ಕೂಡಿಸಿದ್ದರು. ನಾನು ಮೂಲೆಯಲ್ಲಿ ಕಂಬಳಿಯ ಮೇಲೆ ಕೂತೆ. ಯಂತ್ರ ಯಾವುದನ್ನೂ ಒಯ್ದಿರಲಿಲ್ಲ. ಗೋಡೆಗಡಿಯಾರ ಒಂದಿತ್ತು.

ಕಸ್ತೂರಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಕುಣಿಯೊಳಗೆ ಕಾಲಿಳಿಬಿಟ್ಟಳು. ಅಪ್ಪನ ಮುಖ ನೋಡಲಿಲ್ಲ. ಲಾಳಿ ಎಸೆದಳು, ಹಣಿಗೆ ಎಳೆದಳು. ಟಪ್. ಕೈ ಮರೆತಿತ್ತು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಾಲ್ಕು ಸೆಕೆಂಡು. ಟಪ್. ಟಪ್. ಮಾಗುಂಡಪ್ಪನವರ ಗದ್ದ ಅಲುಗತೊಡಗಿತು. ಹತ್ತು ಪೆಟ್ಟು, ಹದಿನೈದು ಪೆಟ್ಟು. ನಾನು ಎಣಿಸುತ್ತಿದ್ದೆ.

ಟಪ್.

“ಬಿಗಿ,” ಎಂದರು ಮಾಗುಂಡಪ್ಪ.

ಟಪ್.

“ಬ್ಯಾಡ.”

ಟಪ್.

“ನೂಲ.”

ಟಪ್.

“ಹರೀತದ.”

ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡರು. ಕಸ್ತೂರಿಯ ಮುಖದಲ್ಲಿ ಏನೋ ಸಡಿಲವಾಯಿತು. “ಹೂನಪ್ಪಾ, ಸಾವಕಾಶ ಎಳೀತೇನಿ,” ಎಂದಳು, ಎರಡು ಪೆಟ್ಟಿನ ನಡುವಿನ ತೆರಪಿನಲ್ಲಿ. ಹದಿನೇಳರ ಅಭ್ಯಾಸ, ತಾನಾಗಿ ಬಂತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದೊಂದೇ ಮಾತು, ಒಂದೊಂದೇ ಪೆಟ್ಟಿಗೆ, ಕೂಸನ್ನು ಮಲಗಿಸಿದಷ್ಟು ಮೆಲ್ಲಗೆ. ನನಗೆ ಖುಷಿಯಾಯಿತು. ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ.

“ನಿಮ್ಮವ್ವ,” ಟಪ್. “ಕರದಾಗ,” ಟಪ್. “ನನಗ,” ಟಪ್. “ಕೇಳಿತ್ತು.”

ಮಗ್ಗ ನಿಂತಿತು.

ಕಸ್ತೂರಿಯ ಕೈ ಲಾಳಿಯ ಮೇಲೆ ಹಾಗೇ ಇತ್ತು. ಮಾಗುಂಡಪ್ಪನವರ ಬಾಯಿ ತೆರೆದಿತ್ತು, ಮುಂದಿನ ಮಾತು ನಾಲಿಗೆಯ ಮೇಲೆ ಬಂದು ಸಿಕ್ಕಿಕೊಂಡಿತ್ತು. ತುಟಿ ಒಂದು ಕಡೆ ಎಳೆಯಿತು, ಗಂಟಲಿನಿಂದ ಬರೀ ಸದ್ದು ಹೊರಟಿತು. ಅವರು ಮಗಳ ಕೈಯನ್ನೇ ನೋಡುತ್ತಿದ್ದರು. ಅವಳು ನೇಯದಿದ್ದರೆ ಅವರು ಹೇಳಲಾರರು. ಎದ್ದು ಹೋಗಿಬಿಟ್ಟರೆ ಅಲ್ಲಿಗೆ ಮುಗಿಯಿತು, ಉಳಿದದ್ದನ್ನು ಅವಳು ಕೇಳಬೇಕಿಲ್ಲ. ಮುಂದೆ ಕೇಳಬೇಕಾದರೆ ಅದನ್ನು ಅವಳೇ ತನ್ನ ಕೈಯಾರೆ ಹೇಳಿಸಬೇಕು. ಯಾವ ಮಗಳಿಗೂ ಇಂಥ ಕೆಲಸ ಬರಬಾರದು. ಅದನ್ನು ಅವಳಿಗೆ ತಂದಿಟ್ಟವಳು ನಾನು.

ಅವಳು ಲಾಳಿ ಎಸೆದಳು. ಟಪ್.

“ಎರಡ,” ಟಪ್. “ಸಲ,” ಟಪ್. “ಕರದ್ಲು.” ಟಪ್. “ಒಂದ,” ಟಪ್. “ಗೇಣ,” ಟಪ್. “ಉಳದಿತ್ತು.” ಅವಳ ಕಣ್ಣಿಂದ ನೀರು ಗದ್ದಕ್ಕಿಳಿದು ಖಣದ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡಬೇಕು, ಅವಳು ಬಿಡಲಿಲ್ಲ. “ಮುಗಿಸಿ,” ಟಪ್. “ಏಳೂಣು,” ಟಪ್. “ಅಂದೆ.” ಟಪ್. “ಸುಳ್ಳ,” ಟಪ್. “ಹೇಳಿದ್ನೆವ್ವಾ,” ಟಪ್. “ನಿನಗ.”

ಆಮೇಲೆ ಐದಾರು ಪೆಟ್ಟು ಬಿದ್ದರೂ ಅವರು ಮಾತಾಡಲಿಲ್ಲ. ಹೇಳುವುದು ಮುಗಿದಿತ್ತು.

ನಾನು ಅವಳು ಕೂಗಾಡುತ್ತಾಳೆ ಎಂದುಕೊಂಡೆ. ಇಲ್ಲವೇ ತಬ್ಬಿಕೊಂಡು ಅಳುತ್ತಾಳೆ ಎಂದುಕೊಂಡೆ. ಕಸ್ತೂರಿ ಎರಡೂ ಮಾಡಲಿಲ್ಲ. ಕೈ ಚಾಚಿ ಅಪ್ಪನ ಬಲಗೈ ಹಿಡಿದಳು. ನಡುಗುತ್ತಿದ್ದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಾಸಿನ ಮೇಲೆ ಅಗಲಿಸಿದಳು. ನೇಯ್ದದ್ದು ಎಲ್ಲಿಗೆ ನಿಂತಿತ್ತೋ ಅಲ್ಲಿ ಹೆಬ್ಬೆರಳು, ಮುಂದೆ ಕಿರುಬೆರಳು. ಕಿರುಬೆರಳು ಮುಟ್ಟಿದಲ್ಲಿ ಒಂದು ಬಿಳಿ ನೂಲಿನ ತುಂಡು ಕಟ್ಟಿದಳು. ಅಪ್ಪನ ಗೇಣು. ಆಮೇಲೆ ಅವರ ಕೈಯನ್ನು ಅವರ ತೊಡೆಯ ಮೇಲಿಟ್ಟು, ನೇಯಲು ಕೂತಳು.

ನನಗೆ ತಡವಾಗಿ ಅರ್ಥವಾಯಿತು. ಅವಳು ಅವ್ವ ಕಾದ ಹೊತ್ತನ್ನು ನೋಡಬೇಕೆಂದಿದ್ದಳು.

ಬರೀ ಪೆಟ್ಟು. ಅಡುಗೆಮನೆಯ ಬಾಗಿಲು ಅಲ್ಲಿಂದ ಎಂಟು ಹೆಜ್ಜೆ ಇತ್ತು, ಗೋಡೆಗೊರಗಿ ಕೂತವರ ಕಾಲು ಕಾಣುವಷ್ಟು ಹತ್ತಿರ. ನೀಲವ್ವ ಆ ಕಡೆ ಬೆನ್ನು ಮಾಡಿ ಕೂತಿದ್ದರು. ಮಾಗುಂಡಪ್ಪ ಕಣ್ಣು ಮುಚ್ಚಲಿಲ್ಲ, ನೂಲಿನಿಂದ ದೃಷ್ಟಿ ತೆಗೆಯಲಿಲ್ಲ. ಒಂದು ಸಲ ಲಾಳಿಯೊಳಗಿನ ಕಂಡಿಕೆಯ ನೂಲು ತೀರಿತು, ಅವಳು ಬೇರೆ ಹಾಕಿಕೊಂಡು ಮುಂದುವರಿಸಿದಳು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಬಿಳಿ ನೂಲು ಇನ್ನೂ ದೂರವೇ ಇತ್ತು. ಸೆಕೆಂಡಿನ ನೂರನೇ ಭಾಗವನ್ನು ಅಳೆದ ನನಗೆ ಒಂದು ನಿಮಿಷ ಎಷ್ಟು ಉದ್ದ ಎಂಬುದು ಆವತ್ತು ಗೊತ್ತಾಯಿತು. ಎದ್ದು ಹೊರಗೆ ಹೋಗಿಬಿಡೋಣ ಎನ್ನಿಸಿತು, ಹೋಗಲಿಲ್ಲ.

ನೇಯ್ಗೆ ಬಿಳಿ ನೂಲಿಗೆ ಬಂದು ಮುಟ್ಟಿದಾಗ ಗಡಿಯಾರದಲ್ಲಿ ನಲವತ್ತೊಂದು ನಿಮಿಷ ಕಳೆದಿತ್ತು. ಕಸ್ತೂರಿ ಲಾಳಿಯನ್ನು ಕೆಳಗಿಟ್ಟಳು. ಬಿಳಿ ನೂಲನ್ನು ಬೆರಳಿನಿಂದ ಮುಟ್ಟಿದಳು.

“ನಂದು ಮರತ ಹೋದ ಕೈ,” ಎಂದಳು ಕೊನೆಗೆ. “ಅವತ್ತ ನೀ ನೇಯಾಕತ್ತಿದ್ದಿ. ನಿನಗ ಎಷ್ಟ ಹೊತ್ತ ಹಿಡೀತಪ್ಪಾ?”

ಮಾಗುಂಡಪ್ಪ ಬಾಯಿ ತೆರೆದರು. ಸದ್ದಷ್ಟೇ ಬಂತು. ಖೋಲಿಯಲ್ಲಿ ಪೆಟ್ಟಿರಲಿಲ್ಲ.

ಅವಳಿಗೆ ನೆನಪಾಯಿತು. ಎರಡೂ ಕೈಯಿಂದ ಹಣಿಗೆ ಹಿಡಿದು, ನೂಲು ಹಾಕದೆ, ಬರಿದೇ ಎಳೆದು ಬಡಿದಳು. ಟಪ್. ಮತ್ತೊಮ್ಮೆ. ಟಪ್.

“ಹದಿ,” ಎಂದರು ಅವರು. ಟಪ್. “ನೆಂಟ,” ಟಪ್. “ನಿಮಿಷ.”

ಲೆಕ್ಕ ಹಾಕಲು ಅವರು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. ನಾಲ್ಕು ವರ್ಷದಿಂದ ಆ ಗೇಣನ್ನು ಮನಸ್ಸಿನಲ್ಲಿ ಎಷ್ಟು ಸಲ ನೇಯ್ದಿದ್ದರೋ.

ಕಸ್ತೂರಿ ತಲೆ ತಗ್ಗಿಸಿದಳು. ಭುಜ ಅಲುಗುತ್ತಿತ್ತು. ಆದರೆ ಹಣಿಗೆಯಿಂದ ಕೈ ತೆಗೆಯಲಿಲ್ಲ. ಲಾಳಿ ಓಡದ ಆ ಮಗ್ಗದಲ್ಲಿ ನಾಲ್ಕು ಸೆಕೆಂಡಿಗೊಮ್ಮೆ ಬಡಿಯುತ್ತಲೇ ಇದ್ದಳು, ಅಪ್ಪನಿಗೆ ಇನ್ನೂ ಏನಾದರೂ ಹೇಳುವುದಿದ್ದೀತು ಎಂದು.